ಗುಂಡು ಎಸೆತಗಾರರ ಬಲ ತರಬೇತಿ: ಬಾರ್ ಮೇಲಿನ ಕಿಲೋ ಗುಂಡಿಗೆ ತಲುಪುವ ದಾರಿ

2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜೋ ಕೋವಾಕ್ಸ್ 22.91 ಮೀಟರ್ ಗುಂಡು ಎಸೆದು ಚಿನ್ನ ಗೆದ್ದರು. ರಯಾನ್ ಕ್ರೌಸರ್ 22.90, ಟಾಮ್ ವಾಲ್ಷ್ ಕೂಡ 22.90. ಮೂವರ ನಡುವೆ ಇದ್ದದ್ದು ಒಂದೇ ಸೆಂಟಿಮೀಟರ್. ಕ್ರೌಸರ್ ಎರಡು ಮೀಟರ್ ದಾಟಿದ ಎತ್ತರದ ಆಳು, ಕೋವಾಕ್ಸ್ ಅವರಿಗಿಂತ ಗೇಣುದ್ದ ಕುಳ್ಳು, ಅಗಲ ಎದೆಯ ಗಟ್ಟಿಗ. ‘ಇಷ್ಟು ಕಿಲೋ ಎತ್ತಿದರೆ ಇಷ್ಟು ಮೀಟರ್’ ಎಂಬ ಕೋಷ್ಟಕ ಹುಡುಕುವವರು ಈ ಮೂವರನ್ನು ಒಂದೇ ಸಾಲಿನಲ್ಲಿ ಕೂರಿಸಲಾರರು. ಆದರೂ ನಮ್ಮ ಕಡೆ ಎಸೆತಗಾರರು ಸೇರಿದಲ್ಲೆಲ್ಲ ಮೊದಲ ಪ್ರಶ್ನೆ ‘ಬೆಂಚ್ ಎಷ್ಟು?’, ಅಂದರೆ ಬೆಂಚ್ ಮೇಲೆ ಮಲಗಿ ಎಷ್ಟು ತೂಕ ತಳ್ಳುತ್ತೀಯ ಎಂಬುದೇ.

ಈ ಬರಹ ಹೊಸಬರಿಗಲ್ಲ. ಪುರುಷರಲ್ಲಿ 7.26 ಕಿಲೋ ಗುಂಡನ್ನು 17–18 ಮೀಟರ್, ಮಹಿಳೆಯರಲ್ಲಿ 4 ಕಿಲೋ ಗುಂಡನ್ನು 14–15 ಮೀಟರ್ ಎಸೆಯುತ್ತಿರುವ, ಮೂರ್ನಾಲ್ಕು ವರ್ಷ ಬಾರ್ (ತೂಕ ಎತ್ತುವ ಕಬ್ಬಿಣದ ಸರಳು) ಹಿಡಿದು ಪಳಗಿದವರಿಗೆ ಮತ್ತು ಅವರ ಕೋಚ್‌ಗಳಿಗೆ. ಹದಿನೈದು–ಹದಿನಾರರ ಹುಡುಗ ಹುಡುಗಿಯರು ಇದನ್ನು ಹಾಗೇ ನಕಲು ಮಾಡಬಾರದು. ಗುರಿ ಎಲ್ಲಿದೆ ಎಂದು ನೋಡಬೇಕಾದರೆ, ತೇಜಿಂದರ್‌ಪಾಲ್ ಸಿಂಗ್ ತೂರ್ 2023ರಲ್ಲಿ ಭುವನೇಶ್ವರದಲ್ಲಿ ಎಸೆದದ್ದು 21.77 ಮೀಟರ್. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಮಹಿಳೆಯರಲ್ಲಿ ಕಿರಣ್ ಬಾಲಿಯಾನ್‌ಗೆ ಕಂಚು ತಂದದ್ದು 17.36 ಮೀಟರ್. ಕ್ರೌಸರ್ ವಿಶ್ವದಾಖಲೆ 23.56.

ಜಿಮ್‌ಗೆ ಹೋಗುವ ಮೊದಲು ಲೆಕ್ಕ

ಗುಂಡು ಎಷ್ಟು ದೂರ ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ಮೂರು ಸಂಗತಿ: ಕೈಬಿಡುವಾಗಿನ ವೇಗ, ಕೋನ, ಎತ್ತರ. ಎತ್ತರ ಹೆಚ್ಚುಕಡಿಮೆ ಅಪ್ಪ ಅಮ್ಮ ಕೊಟ್ಟದ್ದು. ಕೋನ 35ರಿಂದ 38 ಡಿಗ್ರಿ ಆಸುಪಾಸಿನಲ್ಲಿದ್ದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಉಳಿಯುವುದು ವೇಗ. 2.2 ಮೀಟರ್ ಎತ್ತರದಿಂದ 37 ಡಿಗ್ರಿಯಲ್ಲಿ, ಸೆಕೆಂಡಿಗೆ 13 ಮೀಟರ್ ವೇಗದಲ್ಲಿ ಬಿಟ್ಟ ಗುಂಡು ಸುಮಾರು 19 ಮೀಟರ್ ದೂರ ಬೀಳುತ್ತದೆ. ಅದೇ ಗುಂಡನ್ನು 14 ಮೀಟರ್ ವೇಗದಲ್ಲಿ ಬಿಟ್ಟರೆ 21.8ರ ಹತ್ತಿರ. ರಾಜ್ಯ ಮಟ್ಟದಿಂದ ಏಷ್ಯಾ ಮಟ್ಟಕ್ಕೆ ಹೋಗಲು ಬೇಕಾದದ್ದು ಈ ಒಂದು ಅಂಕಿ.

ಈ ವೇಗ ಹುಟ್ಟಲು ಸಿಗುವ ಸಮಯ ಎಷ್ಟು? ಬಲಗೈ ಎಸೆತಗಾರ ಎಡಗಾಲು ಊರಿದ ಮೇಲೆ ಗುಂಡು ಬೆರಳು ಬಿಡುವವರೆಗೆ ಕಾಲು ಸೆಕೆಂಡ್, ಇಲ್ಲವೇ ಅದಕ್ಕಿಂತ ಕಡಿಮೆ. ಮನುಷ್ಯನ ಸ್ನಾಯು ತನ್ನ ಪೂರ್ತಿ ಬಲ ಹೊರಹಾಕಲು 0.3 ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳುತ್ತದೆ. ಅಂದರೆ ನಿಮ್ಮ ಪೂರ್ತಿ ಬಲ ಬರುವ ಹೊತ್ತಿಗೆ ಗುಂಡು ಕೈಯಲ್ಲಿರುವುದಿಲ್ಲ. ಇನ್ನೊಂದು ಕಡೆ ನೋಡಿ: ಬೆಂಚ್ ಪ್ರೆಸ್‌ನ ಗರಿಷ್ಠ ತೂಕ ಮೇಲೇಳುವ ವೇಗ ಸೆಕೆಂಡಿಗೆ 0.2 ಮೀಟರ್ ಕೂಡ ಇರುವುದಿಲ್ಲ. ಗುಂಡು ಹೋಗಬೇಕಾದದ್ದು 14 ಮೀಟರ್‌ನಲ್ಲಿ.

ಹೀಗಾಗಿ ತರಬೇತಿಗೆ ಎರಡು ಕೆಲಸ. ಒಟ್ಟು ಬಲ ಏರಿಸುವುದು, ಆ ಬಲದಲ್ಲಿ ಎಷ್ಟು ಪಾಲು ಕಾಲು ಸೆಕೆಂಡಿನೊಳಗೆ ಗುಂಡಿಗೆ ಸಿಗುತ್ತದೆ ಎಂಬುದನ್ನು ಏರಿಸುವುದು. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ. ಎರಡನೆಯದು ಮಾಡಿದವರಷ್ಟೇ 20 ಮೀಟರ್ ದಾಟುತ್ತಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೆಜ್ಜೆ 1: ನಿಮ್ಮ ಕೊರತೆ ಯಾವುದು ಎಂದು ಪತ್ತೆ ಮಾಡಿ

ಸೀಸನ್ ಮುಗಿದು ಎರಡು ವಾರ ವಿಶ್ರಾಂತಿ ಆದ ಮೇಲೆ ಎರಡು ದಿನ ಅಳತೆಗೆ ಮೀಸಲಿಡಿ. ಮೊದಲ ದಿನ ಮೈದಾನ: ನಿಂತಲ್ಲಿಂದ ಎಸೆತ, ಪೂರ್ತಿ ಎಸೆತ, ಗುಂಡನ್ನು ಎರಡೂ ಕೈಯಲ್ಲಿ ಹಿಡಿದು ತಲೆ ಮೇಲಿಂದ ಹಿಂದಕ್ಕೆ ಎಸೆಯುವುದು, ನಿಂತು ಉದ್ದ ಜಿಗಿತ, 30 ಮೀಟರ್ ಓಟ. ಎರಡನೆಯ ದಿನ ಬಾರ್: ಸ್ಕ್ವಾಟ್ (ಬಾರ್ ಹೆಗಲ ಮೇಲೆ ಹೊತ್ತು ಕೂತು ಏಳುವುದು), ಪವರ್ ಕ್ಲೀನ್ (ನೆಲದಿಂದ ಭುಜದವರೆಗೆ ಒಂದೇ ಎಳೆತ), ಸ್ನ್ಯಾಚ್ (ನೆಲದಿಂದ ತಲೆ ಮೇಲಕ್ಕೆ ಒಂದೇ ಎಳೆತ), ಬೆಂಚ್ ಅಥವಾ ಇನ್‌ಕ್ಲೈನ್ ಪ್ರೆಸ್ (ಓರೆ ಬೆಂಚ್ ಮೇಲೆ ಒರಗಿ ತಳ್ಳುವುದು). ಗರಿಷ್ಠ ತೂಕವನ್ನೇ ಎತ್ತಬೇಕೆಂದಿಲ್ಲ, ಮೂರು ರೆಪ್‌ನ (ಬಿಡದೆ ಮೂರು ಸಲ ಎತ್ತುವ) ಗರಿಷ್ಠ ಸಾಕು.

ಈ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಬೇಕು. ನಿಂತಲ್ಲಿಂದ 16.5 ಎಸೆಯುವವನ ಪೂರ್ತಿ ಎಸೆತ 17 ಅಷ್ಟೇ ಇದ್ದರೆ ಅವನ ರೋಗ ಜಿಮ್‌ನಲ್ಲಿಲ್ಲ, ಎಸೆಯುವ ಸರ್ಕಲ್‌ನಲ್ಲಿದೆ. ಚೆನ್ನಾಗಿ ಗ್ಲೈಡ್ ಮಾಡುವವರಿಗೆ (ಹಿಮ್ಮುಖವಾಗಿ ನೇರ ಜಾರಿಬಂದು ಎಸೆಯುವವರಿಗೆ) ಈ ವ್ಯತ್ಯಾಸ ಒಂದೂವರೆಯಿಂದ ಎರಡು ಮೀಟರ್ ಇರಬೇಕು, ರೊಟೇಶನ್‌ನವರಿಗೆ (ಸುತ್ತು ತಿರುಗಿ ಎಸೆಯುವವರಿಗೆ) ಇನ್ನೂ ಹೆಚ್ಚು. ಸ್ಕ್ವಾಟ್ ಏರಿದೆ, ಜಿಗಿತ ಮತ್ತು ಹಿಂದಕ್ಕೆ ಎಸೆತ ಅಲ್ಲೇ ಇದೆ ಎಂದರೆ ಬಲ ಬಂದಿದೆ, ಚುರುಕು ಬಂದಿಲ್ಲ. ಜಿಗಿತ ಚೆನ್ನಾಗಿದ್ದು ಸ್ಕ್ವಾಟ್ ಕಡಿಮೆ ಇದ್ದರೆ ಅವನಿಗೆ ಒಂದು ಚಳಿಗಾಲದ ಭಾರವಾದ ಕೆಲಸ ಬಾಕಿ ಇದೆ. ಇಂಥವನು ಅದೃಷ್ಟವಂತ, ಅವನಿಗೆ ಮೀಟರ್‌ಗಳು ಸುಲಭವಾಗಿ ಸಿಗುತ್ತವೆ.

ಅಳತೆಗೆ ಮುನ್ನ ಜಿಮ್‌ನ ಬಾರನ್ನೇ ತೂಕಕ್ಕೆ ಹಾಕಿ ನೋಡಿ. ಕಾಲೇಜು ಜಿಮ್‌ಗಳ ಬಾರ್ ಎಲ್ಲವೂ 20 ಕಿಲೋ ಇರುವುದಿಲ್ಲ. ಪ್ಲೇಟ್ ಮೇಲಿನ ಅಂಕಿಯನ್ನೂ ಪೂರ್ತಿ ನಂಬಬೇಡಿ.

ಕೊನೆಗೆ ಮೊಬೈಲ್. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಟ್ಟು ಪಕ್ಕದಿಂದ ಚಿತ್ರೀಕರಿಸಿ. ಎಡಗಾಲು ನೆಲ ಮುಟ್ಟಿದ ಫ್ರೇಮ್‌ನಿಂದ ಗುಂಡು ಬೆರಳು ಬಿಟ್ಟ ಫ್ರೇಮ್‌ವರೆಗೆ ಎಣಿಸಿ. 48 ಫ್ರೇಮ್ ಆದರೆ 0.2 ಸೆಕೆಂಡ್, 60 ಆದರೆ 0.25. ಈ ಸಂಖ್ಯೆಯನ್ನು ವರ್ಷಪೂರ್ತಿ ಬರೆದಿಡಿ. ಚಳಿಗಾಲದಲ್ಲಿ ಭಾರ ಎತ್ತಿ ದಣಿದಾಗ ಫ್ರೇಮ್‌ಗಳು ಹೆಚ್ಚುತ್ತವೆ, ಬೇಸಿಗೆಗೆ ಇಳಿಯಬೇಕು. ಇಳಿಯದಿದ್ದರೆ ಯೋಜನೆಯಲ್ಲಿ ಎಡವಟ್ಟಾಗಿದೆ.

ಹೆಜ್ಜೆ 2: ವರ್ಷವನ್ನು ಹಿಂದಿನಿಂದ ಮುಂದಕ್ಕೆ ಹಂಚಿ

ಭಾರತದ ಹಿರಿಯರ ವೇಳಾಪಟ್ಟಿಯಲ್ಲಿ ಫೆಡರೇಷನ್ ಕಪ್ ಸಾಮಾನ್ಯವಾಗಿ ಬೇಸಿಗೆಯ ಆಸುಪಾಸು, ಅಂತರರಾಜ್ಯ ಕೂಟ ಅದರ ನಂತರ, ರಾಷ್ಟ್ರೀಯ ಓಪನ್ ಮಳೆಗಾಲದ ಕೊನೆಗೆ ಬರುತ್ತವೆ. ನಿಮಗೆ ಮುಖ್ಯವಾದ ಕೂಟವನ್ನು ಗುರುತು ಮಾಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಕೊನೆಯ ಎರಡು ವಾರ ಇಳಿಕೆ, ಅದಕ್ಕೂ ಮೊದಲು ಆರರಿಂದ ಎಂಟು ವಾರ ಚುರುಕಿನ ಕೆಲಸ, ಅದಕ್ಕೂ ಮೊದಲು ಎಂಟರಿಂದ ಹತ್ತು ವಾರ ಗರಿಷ್ಠ ಬಲ, ಎಲ್ಲಕ್ಕೂ ಮೊದಲು ಆರು ವಾರ ಅಡಿಪಾಯ.

ಅಡಿಪಾಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಟು–ಹತ್ತು ರೆಪ್‌ನ ಸೆಟ್ (ಒಂದು ಸರದಿ), ಒಂಟಿಕಾಲಿನ ವ್ಯಾಯಾಮ, ಬೆನ್ನು, ಹೊಟ್ಟೆ, ಗುಡ್ಡ ಹತ್ತುವುದು, ಮೆಡಿಸಿನ್ ಬಾಲ್ (ತೂಕದ ಚೆಂಡು). ಹಳೆ ಮೈಸೂರಿನವರಿಗೆ ಪಕ್ಕದಲ್ಲೇ ಗರಡಿ ಇದ್ದರೆ ಗದೆ ತಿರುಗಿಸಲು ಕಲಿಯಿರಿ. ಭುಜ ಸಡಿಲಗೊಳಿಸಲು ಅದಕ್ಕಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ.

ಈ ಯಾವ ಹಂತದಲ್ಲೂ ಎಸೆತ ನಿಲ್ಲಬಾರದು. ‘ಈಗ ಜಿಮ್ ಸೀಸನ್, ಆಮೇಲೆ ಎಸೆತ’ ಎಂದು ಎರಡು ತಿಂಗಳು ಗುಂಡು ಮುಟ್ಟದವರ ಹೊಸ ಬಲಕ್ಕೆ ಹಳೆಯ ಚಲನೆ ಹೊಂದುವುದಿಲ್ಲ. ಕಡಿಮೆ ಎಂದರೂ ವಾರಕ್ಕೆ ಮೂರು ದಿನ ಎಸೆಯಿರಿ.

ಹೆಜ್ಜೆ 3: ಗರಿಷ್ಠ ಬಲ

20 ಮೀಟರ್ ದಾಟುವ ಗಂಡಸರಲ್ಲಿ 200 ಕಿಲೋ ಸುತ್ತಮುತ್ತಲಿನ ಬೆಂಚ್, 250 ಕಿಲೋ ಮೀರಿದ ಸ್ಕ್ವಾಟ್ ಅಪರೂಪವಲ್ಲ. ಆದರೆ ಇದನ್ನು ಪ್ರವೇಶ ಪರೀಕ್ಷೆ ಎಂದುಕೊಳ್ಳಬೇಡಿ. ವ್ಯಾಯಾಮಗಳ ಪಟ್ಟಿ ಉದ್ದ ಮಾಡಿಕೊಳ್ಳಬೇಡಿ: ಒಂದು ಸ್ಕ್ವಾಟ್, ನೆಲದಿಂದ ಎಳೆಯುವ ಒಂದು ಒಲಿಂಪಿಕ್ ಲಿಫ್ಟ್, ಒಂದು ಪ್ರೆಸ್, ತಲೆ ಮೇಲೆ ಒಂದು ಜರ್ಕ್ ಅಥವಾ ಪುಶ್ ಪ್ರೆಸ್ (ಭುಜದ ಮೇಲಿನ ಬಾರನ್ನು ಕಾಲಿನ ಬಲ ಸೇರಿಸಿ ಮೇಲಕ್ಕೆ ತಳ್ಳುವುದು). ಉಳಿದದ್ದೆಲ್ಲ ಒಗ್ಗರಣೆ.

ಎಷ್ಟು ಎತ್ತಬೇಕು ಎಂಬುದಕ್ಕೆ ಸೋವಿಯತ್ ವೇಟ್‌ಲಿಫ್ಟಿಂಗ್‌ನಿಂದ ಬಂದ ಪ್ರಿಲೆಪಿನ್ ಕೋಷ್ಟಕ ಇವತ್ತಿಗೂ ಉಪಯುಕ್ತ. ಗರಿಷ್ಠದ ಶೇ 70–80ರಲ್ಲಿ ಸೆಟ್‌ಗೆ 3ರಿಂದ 6 ರೆಪ್, ಒಟ್ಟು 18 ಸುಮಾರು. ಶೇ 80–90ರಲ್ಲಿ ಸೆಟ್‌ಗೆ 2ರಿಂದ 4, ಒಟ್ಟು 15. ಶೇ 90ರ ಮೇಲೆ ಒಂದೋ ಎರಡೋ ರೆಪ್, ಒಟ್ಟು 4ರಿಂದ 10. ಹಾಗಾಗಿ 220 ಕಿಲೋ ಸ್ಕ್ವಾಟ್ ಇರುವವರ ಶೇ 85ರ ದಿನ ಎಂದರೆ 187.5 ಕಿಲೋ, ಮೂರು ರೆಪ್, ಐದು ಸೆಟ್. ಇದು ವೇಟ್‌ಲಿಫ್ಟರ್‌ಗಳಿಗೆ ಮಾಡಿದ ಲೆಕ್ಕ. ಅವರು ಬೆಳಿಗ್ಗೆ 30 ಸಲ ಗುಂಡು ಎಸೆದಿರುವುದಿಲ್ಲ. ನಮ್ಮವರು ಒಟ್ಟು ರೆಪ್‌ಗಳಲ್ಲಿ ಕೆಳಗಿನ ಅಂಚಿಗೇ ಇದ್ದರೆ ಕ್ಷೇಮ.

ವಾರ ಹೀಗಿರಲಿ. ಸೋಮವಾರ ಬೆಳಿಗ್ಗೆ ಎಸೆತ, ಸಂಜೆ ಸ್ಕ್ವಾಟ್ ಮತ್ತು ಬೆಂಚ್. ಮಂಗಳವಾರ ಹಗುರವಾದ ಜಿಗಿತ, ಸ್ನ್ಯಾಚ್, ಬೆನ್ನು. ಬುಧವಾರ ಬಿಡುವು, ಬೇಕಾದರೆ ಈಜು. ಗುರುವಾರ ಎಸೆತ, ಪವರ್ ಕ್ಲೀನ್, ಇನ್‌ಕ್ಲೈನ್ ಪ್ರೆಸ್. ಶುಕ್ರವಾರ ಮೆಡಿಸಿನ್ ಬಾಲ್, ಹೊಟ್ಟೆ, ಮಣಿಕಟ್ಟು. ಶನಿವಾರ ಎಸೆತ, ಫ್ರಂಟ್ ಸ್ಕ್ವಾಟ್ (ಬಾರ್ ಎದೆ ಮುಂದೆ ಹಿಡಿದು), ಜರ್ಕ್. ಭಾನುವಾರ ನಿದ್ದೆ. ಮೂರು ವಾರ ಶೇ 80, 85, 90 ಎಂದು ಏರಿಸಿ ನಾಲ್ಕನೆಯ ವಾರ ಶೇ 70ಕ್ಕೆ ಇಳಿದು ಸೆಟ್‌ಗಳನ್ನು ಅರ್ಧ ಮಾಡಿ. ನಾಲ್ಕನೆಯ ವಾರವನ್ನು ಹಾರಿಸುವ ಆಸೆ ಎಲ್ಲರಿಗೂ ಬರುತ್ತದೆ, ಏಕೆಂದರೆ ಮೂರನೆಯ ವಾರದ ಕೊನೆಗೆ ಮೈ ಬಿಸಿಯಾಗಿ ಎಲ್ಲವೂ ಎತ್ತಬಹುದು ಅನ್ನಿಸುತ್ತದೆ. ಹಾರಿಸಬೇಡಿ.

ಒಂದೊಂದು ಲಿಫ್ಟ್‌ಗೂ ಒಂದೆರಡು ಮಾತು.

ಸ್ಕ್ವಾಟ್: ಆರಂಭದ ವಾರಗಳಲ್ಲಿ ಪೂರ್ತಿ ಕೆಳಗೆ, ತೊಡೆ ನೆಲಕ್ಕೆ ಸಮವಾಗುವುದಕ್ಕಿಂತ ಕೆಳಗೆ. ಸೀಸನ್ ಹತ್ತಿರ ಬಂದಂತೆ ಅರ್ಧ ಸ್ಕ್ವಾಟ್‌ಗೆ ಬದಲಾಯಿಸಬಹುದು; ಎಸೆತದಲ್ಲಿ ಮಂಡಿ ಮಡಿಯುವುದು ಅಷ್ಟೇ. ಆದರೆ ಅರ್ಧ ಸ್ಕ್ವಾಟ್‌ನಲ್ಲಿ ಎತ್ತುವ ತೂಕ ಸೊಂಟಕ್ಕೆ ಕಂಟಕ. 300 ಕಿಲೋ ಅರ್ಧ ಸ್ಕ್ವಾಟ್ ಮಾಡಿ ಫೋಟೊ ತೆಗೆಸಿಕೊಂಡವರಲ್ಲಿ ಸೊಂಟ ಹಿಡಿದು ಸೀಸನ್ ಕಳೆದುಕೊಂಡವರು ಕಡಿಮೆ ಇಲ್ಲ. ಇದರ ಜೊತೆಗೆ ಎಡಗಾಲಿಗೆ ಪ್ರತ್ಯೇಕ ಕೆಲಸ ಬೇಕು. ಬಲಗೈ ಎಸೆತಗಾರನ ಎಡಗಾಲು ಸ್ಟಾಪ್‌ಬೋರ್ಡ್ (ಸರ್ಕಲ್ ಮುಂದಿನ ಅಡ್ಡಹಲಗೆ) ಹತ್ತಿರ ಗೋಡೆಯ ಹಾಗೆ ನಿಲ್ಲದಿದ್ದರೆ ಬಲಗಾಲು ತಂದ ವೇಗವೆಲ್ಲ ಮುಂದಕ್ಕೆ ಸೋರಿಹೋಗುತ್ತದೆ. ಎತ್ತರದ ಪೆಟ್ಟಿಗೆ ಮೇಲೆ ಬಾರ್ ಹೊತ್ತು ಸ್ಟೆಪ್ ಅಪ್, ಹಿಂಗಾಲು ಬೆಂಚ್ ಮೇಲಿಟ್ಟು ಸ್ಪ್ಲಿಟ್ ಸ್ಕ್ವಾಟ್, ಪ್ರತಿ ಕಾಲಿಗೆ ಐದು ರೆಪ್, ಮೂರು ಸೆಟ್.

ಕ್ಲೀನ್ ಮತ್ತು ಸ್ನ್ಯಾಚ್: ಗುಂಡು ಎಸೆತಕ್ಕೆ ಜಿಮ್‌ನಲ್ಲಿ ಸಿಗುವ ಅತಿ ಹತ್ತಿರದ ಕೆಲಸ ಇದು. ಬಾರ್ ಸೆಕೆಂಡಿಗೆ ಎರಡು ಮೀಟರ್ ಹತ್ತಿರದ ವೇಗ ಮುಟ್ಟುತ್ತದೆ. ಸೊಂಟ, ಮಂಡಿ, ಹರಡು ಒಂದರ ಹಿಂದೆ ಒಂದು ನೆಟ್ಟಗಾಗುತ್ತವೆ. ಬಾರ್ ತೊಡೆಯ ಮಧ್ಯ ದಾಟುವವರೆಗೆ ಕೈ ಮಡಿಸಬೇಡಿ. ಮೊಣಕೈ ಮೊದಲೇ ಮಡಿಸಿ ಎಳೆಯುವವರು ಎಸೆತದಲ್ಲೂ ಕಾಲು ಮುಗಿಯುವ ಮೊದಲೇ ಕೈ ಹೊಡೆಯುತ್ತಾರೆ. ಎರಡೂ ಒಂದೇ ದುರಭ್ಯಾಸ. ನಿಮ್ಮ ಜಿಮ್‌ನಲ್ಲಿ ಟೈಲ್ಸ್ ನೆಲ, ಬಾರ್ ಕೆಳಗೆ ಬಿಡುವಂತಿಲ್ಲ ಎಂದಾದರೆ ಕ್ಲೀನ್ ಪುಲ್ (ಭುಜಕ್ಕೆ ತರದೆ ಎಳೆತವಷ್ಟೇ) ಮಾಡಿ, ಡಂಬೆಲ್ ಹಿಡಿದು ಜಿಗಿಯಿರಿ. ಬೀಳುವ ಬಾರನ್ನು ಹಿಡಿಯಲು ಹೋಗಿ ಮಣಿಕಟ್ಟು ಉಳುಕಿಸಿಕೊಂಡರೆ ಎಸೆತಗಾರನಿಗೆ ಉಳಿಯುವುದೇನು?

ಪ್ರೆಸ್: ಚಪ್ಪಟೆ ಬೆಂಚ್ ಮೇಲೆ ನಮ್ಮವರಿಗೆ ಇರುವ ಮೋಹ ಅತಿಯಾಯಿತು. ಗರಿಷ್ಠ ಬಲದ ಹಂತದಲ್ಲಿ ವಾರಕ್ಕೊಮ್ಮೆ ಇರಲಿ. ಆಮೇಲೆ 30–45 ಡಿಗ್ರಿಯ ಇನ್‌ಕ್ಲೈನ್‌ಗೆ ಬನ್ನಿ, ಕೈ ತಳ್ಳುವ ದಿಕ್ಕು ಎಸೆತಕ್ಕೆ ಹತ್ತಿರವಾಗುತ್ತದೆ. ಬೆಂಚ್‌ನಲ್ಲಿ ಬಾರನ್ನು ಎದೆಗೆ ಬಡಿದು ಪುಟಿಸುವವರ ಎದೆಯ ಸ್ನಾಯು ಒಂದಲ್ಲ ಒಂದು ದಿನ ಹರಿಯುತ್ತದೆ. ಪ್ರೆಸ್ ಎಷ್ಟು ಸೆಟ್ ಮಾಡುತ್ತೀರೋ ಅಷ್ಟೇ ಸೆಟ್ ರೋ (ಬಗ್ಗಿ ಬಾರನ್ನು ಹೊಟ್ಟೆಯತ್ತ ಎಳೆಯುವ ವ್ಯಾಯಾಮ) ಎಳೆಯಿರಿ. ಭುಜದ ಹಿಂಭಾಗ ದುರ್ಬಲವಾದರೆ ಮುಂಭಾಗ ಎಷ್ಟು ಬಲಿತರೂ ಸುಖವಿಲ್ಲ.

ಹೆಜ್ಜೆ 4: ಬಲವನ್ನು ಚುರುಕಾಗಿಸುವುದು

ಹೆಚ್ಚಿನವರು ಎಡವುವುದು ಇಲ್ಲಿಯೇ. ಗರಿಷ್ಠ ಏರುತ್ತಿದೆಯಲ್ಲ ಎಂದು ಮಾರ್ಚ್ ತಿಂಗಳಲ್ಲೂ ಶೇ 90ರ ಸ್ಕ್ವಾಟ್ ಬಿಡಲು ಮನಸ್ಸಾಗುವುದಿಲ್ಲ.

ಸ್ವಿಟ್ಜರ್ಲೆಂಡ್‌ನ ವರ್ನರ್ ಗುಂಥೋರ್ ನೆನಪಾಗುತ್ತಾರೆ. ಎರಡು ಮೀಟರ್ ಎತ್ತರ, 130 ಕಿಲೋ ಮೈ. 1987, 1991, 1993ರಲ್ಲಿ ವಿಶ್ವ ಚಾಂಪಿಯನ್, 1988ರಲ್ಲಿ 22.75 ಮೀಟರ್ ಎಸೆದವರು. ಕೋಚ್ ಜೀನ್-ಪಿಯೆರ್ ಎಗ್ಗರ್ ಅವರಿಂದ ಹರ್ಡಲ್ ಮೇಲೆ ಸಾಲು ಸಾಲು ಜಿಗಿತ, ಜಿಮ್ನಾಸ್ಟಿಕ್ಸ್ ಎಲ್ಲ ಮಾಡಿಸುತ್ತಿದ್ದರು. ಅದೇ ಎಗ್ಗರ್ ಮುಂದೆ ನ್ಯೂಜಿಲೆಂಡ್‌ನ ವ್ಯಾಲೆರಿ ಆಡಮ್ಸ್‌ಗೂ ತರಬೇತಿ ಕೊಟ್ಟರು. 2011ರಲ್ಲಿ ಡೇಗುನಲ್ಲಿ ಆಕೆ 21.24 ಮೀಟರ್ ಎಸೆದರು. ದೊಡ್ಡ ಮೈ ಇದ್ದವರು ಜಿಗಿಯಬಾರದು ಎಂಬ ಮಾತು ಕೇಳಿದಾಗಲೆಲ್ಲ ಈ ಇಬ್ಬರ ಹೆಸರು ಹೇಳಿ.

ಆದರೆ ಜಿಗಿತದಲ್ಲಿ ಜಾಗ್ರತೆ ಬೇಕೇ ಬೇಕು. ಪೆಟ್ಟಿಗೆಯಿಂದ ಇಳಿದು ನೆಲ ಮುಟ್ಟಿದ ಕೂಡಲೇ ಮೇಲೆ ಚಿಮ್ಮುವ ಡೆಪ್ತ್ ಜಂಪ್‌ಗೆ 120 ಕಿಲೋ ಆಳಿಗೆ 30ರಿಂದ 50 ಸೆಂಟಿಮೀಟರ್ ಎತ್ತರ ಸಾಕು. ಒಂದು ದಿನಕ್ಕೆ ಒಟ್ಟು 30–40 ಸಲ ನೆಲ ಮುಟ್ಟಿದರೆ ಮುಗಿಯಿತು. ವಾರಕ್ಕೆ ಎರಡು ದಿನ. ಹುಲ್ಲು ಅಥವಾ ಸಿಂಥೆಟಿಕ್ ಟ್ರ್ಯಾಕ್ ಮೇಲೆ ಮಾಡಿ, ಕಾಂಕ್ರೀಟ್ ಮೇಲೆ ಬೇಡ. ಕಿವಿಗೊಟ್ಟು ಕೇಳಿ: ಪಾದ ನೆಲಕ್ಕೆ ‘ಟಪ್’ ಎಂದು ಮುಟ್ಟಿ ಎದ್ದರೆ ಸರಿ, ‘ಧಪ್’ ಎಂದು ಕೂತು ಎದ್ದರೆ ಆ ದಿನದ ಜಿಗಿತ ಅಲ್ಲಿಗೆ ನಿಲ್ಲಿಸಿ.

ಬಾರ್ ಜೊತೆಗಿನ ಕೆಲಸ ಈ ಹಂತದಲ್ಲಿ ಹೀಗೆ ಬದಲಾಗಬೇಕು:

– ವಾರಕ್ಕೆ ಎರಡು ದಿನ ಸ್ಕ್ವಾಟ್. ಒಂದು ದಿನ ಶೇ 80–85, ಎರಡೆರಡು ರೆಪ್, ನಾಲ್ಕು ಸೆಟ್. ಇನ್ನೊಂದು ದಿನ ಶೇ 50–60, ಮೂರು ರೆಪ್, ಎಷ್ಟು ಬೇಗ ಏಳಲು ಸಾಧ್ಯವೋ ಅಷ್ಟು ಬೇಗ.
– ಹೆಗಲ ಮೇಲೆ ಸ್ಕ್ವಾಟ್ ಗರಿಷ್ಠದ ಶೇ 20–30 ಹೊತ್ತು ಜಿಗಿತ, ನಾಲ್ಕು ರೆಪ್, ನಾಲ್ಕು ಸೆಟ್.
– ಇನ್‌ಕ್ಲೈನ್ ಪ್ರೆಸ್ ಶೇ 80, ಎರಡು ರೆಪ್. ಮೂರು ನಿಮಿಷ ಬಿಟ್ಟು ಮೆಡಿಸಿನ್ ಬಾಲ್ ಅಥವಾ ಗುಂಡನ್ನು ಗೋಡೆಗೆ, ಇಲ್ಲವೇ ಮರಳಿಗೆ, ಐದು ಸಲ ತಳ್ಳುವುದು. ನಾಲ್ಕು ಜೋಡಿ.
– ಸ್ನ್ಯಾಚ್ ಶೇ 70–80, ಎರಡು ರೆಪ್, ಐದು ಸೆಟ್.

ಬಾರ್ ವೇಗ ಅಳೆಯುವ ಸಾಧನ ಸಿಕ್ಕರೆ ಇಲ್ಲಿ ಬಹಳ ಅನುಕೂಲ. ಮೊದಲ ರೆಪ್‌ನ ವೇಗಕ್ಕಿಂತ ಶೇ 10 ಇಳಿದ ಕೂಡಲೇ ಸೆಟ್ ನಿಲ್ಲಿಸಿ. ಸಾಧನ ಇಲ್ಲದಿದ್ದರೆ ಪಕ್ಕದಲ್ಲಿ ನಿಂತ ಕೋಚ್‌ನ ಕಣ್ಣು ಸಾಕು: ಬಾರ್ ತುದಿಯ ಪ್ಲೇಟ್‌ಗಳು ಮೇಲೆ ಹೋದಾಗ ಸಣ್ಣಗೆ ಅಲುಗಿ ಸದ್ದು ಮಾಡಬೇಕು. ಸದ್ದು ನಿಂತಿತೆಂದರೆ ವೇಗ ಹೋಯಿತು.

ಹೆಜ್ಜೆ 5: ಗುಂಡಿನಿಂದಲೇ ಬಲ

ಅನಾತೊಲಿ ಬೊಂಡಾರ್ಚುಕ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಹ್ಯಾಮರ್ ಚಿನ್ನ ಗೆದ್ದವರು, 1986ರಲ್ಲಿ 86.74 ಮೀಟರ್ ಎಸೆದ ಯೂರಿ ಸೆಡಿಖ್‌ಗೆ ಕೋಚ್ ಆಗಿದ್ದವರು. ಮುಂದೆ ಕೆನಡಾಗೆ ಹೋಗಿ ಗುಂಡು ಎಸೆತಗಾರ ಡೈಲನ್ ಆರ್ಮ್‌ಸ್ಟ್ರಾಂಗ್‌ಗೂ ತರಬೇತಿ ಕೊಟ್ಟರು. ಆರ್ಮ್‌ಸ್ಟ್ರಾಂಗ್ 2011ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದರು. ಬೊಂಡಾರ್ಚುಕ್ ಹೇಳಿದ್ದರ ಸಾರ ಇಷ್ಟು: ಎಸೆತಗಾರ ಮೇಲೆ ಹೋದಂತೆ ಸ್ಕ್ವಾಟ್, ಬೆಂಚ್‌ಗಳಿಗೂ ದೂರಕ್ಕೂ ಇರುವ ನಂಟು ಸಡಿಲವಾಗುತ್ತದೆ; ಭಾರದ ಮತ್ತು ಹಗುರದ ಗುಂಡುಗಳ ಎಸೆತಕ್ಕೂ ಸ್ಪರ್ಧೆಯ ದೂರಕ್ಕೂ ಇರುವ ನಂಟು ಗಟ್ಟಿಯಾಗಿಯೇ ಉಳಿಯುತ್ತದೆ.

ನಮ್ಮಲ್ಲಿ ಇದಕ್ಕೆ ವಿಶೇಷ ಖರ್ಚಿಲ್ಲ. ಪುರುಷರಿಗೆ 8 ಕಿಲೋ ಗುಂಡೊಂದು, 6 ಕಿಲೋದ್ದೊಂದು. ಎರಡನೆಯದು 20 ವರ್ಷದೊಳಗಿನ ಹುಡುಗರ ಗುಂಡು, ಯಾವ ಕ್ರೀಡಾಂಗಣದಲ್ಲೂ ಸಿಗುತ್ತದೆ. ಮಹಿಳೆಯರಿಗೆ 4.5 ಮತ್ತು 3.5, ಹಗುರದ್ದು ಸಿಗದಿದ್ದರೆ 18 ವರ್ಷದೊಳಗಿನ ಹುಡುಗಿಯರ 3 ಕಿಲೋ. 5 ಕಿಲೋ ಮಹಿಳೆಯರಿಗೆ ತೀರಾ ಭಾರ, ನಿಂತು ಎಸೆಯಲು ಮಾತ್ರ ಬಳಸಿ. ಗುಂಡು ತುಂಬ ಭಾರವಾದರೆ ಮೈ ಬೇರೆ ಚಲನೆ ಕಲಿಯುತ್ತದೆ: ಮೊಣಕೈ ಬೀಳುತ್ತದೆ, ಸೊಂಟ ಹಿಂದುಳಿಯುತ್ತದೆ.

ಗರಿಷ್ಠ ಬಲದ ಹಂತದಲ್ಲಿ ಒಂದು ದಿನದ 25 ಎಸೆತಗಳಲ್ಲಿ 15 ಭಾರದ ಗುಂಡು, 10 ಸ್ಪರ್ಧೆಯ ಗುಂಡು. ಚುರುಕಿನ ಹಂತಕ್ಕೆ ಬಂದಾಗ 8 ಭಾರ, 8 ಸ್ಪರ್ಧೆಯದು, 8 ಹಗುರ, ಇದೇ ಅನುಕ್ರಮದಲ್ಲಿ. ಸ್ಪರ್ಧೆಗೆ ಮೂರು ವಾರ ಇರುವಾಗ ಭಾರದ್ದನ್ನು ಬಿಟ್ಟುಬಿಡಿ. ಎಣಿಕೆಗಿಂತ ಮುಖ್ಯವಾದದ್ದು ಟೇಪ್. ಪ್ರತಿ ಗುಂಡಿನ ಆ ದಿನದ ಉತ್ತಮ ದೂರ ಬರೆಯಿರಿ. 8 ಕಿಲೋ ಗುಂಡು ಏರುತ್ತಿದ್ದು 6 ಕಿಲೋದ್ದು ಅಲ್ಲೇ ನಿಂತಿದ್ದರೆ ಜಿಮ್‌ನಲ್ಲಿ ತೂಕ ಇಳಿಸಿ ವೇಗ ಏರಿಸಬೇಕು. 6 ಕಿಲೋದ್ದು ಏರಿ 8 ಕಿಲೋದ್ದು ಕುಸಿಯುತ್ತಿದ್ದರೆ ಭಾರದ ಸ್ಕ್ವಾಟ್‌ಗೆ ಹತ್ತು ದಿನ ವಾಪಸ್ ಹೋಗಿ. ಎರಡೂ ಏರಿ ಸ್ಪರ್ಧೆಯ ಗುಂಡು ಮಾತ್ರ ಏರದಿದ್ದರೆ ಅದು ಕೌಶಲದ ಅಥವಾ ಮನಸ್ಸಿನ ಮಾತು, ಬಾರ್ ಅದನ್ನು ಸರಿಪಡಿಸದು.

ಗ್ಲೈಡ್ ಮತ್ತು ರೊಟೇಶನ್‌ಗೆ ಬೇರೆ ಬೇರೆ ಒತ್ತು

1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಗ್ಲೈಡ್ ಮಾಡುವ ಉಲ್ಫ್ ಟಿಮ್ಮರ್‌ಮಾನ್ ಕೊನೆಯ ಯತ್ನದಲ್ಲಿ 22.47 ಎಸೆದು, 22.39 ಎಸೆದಿದ್ದ ರೊಟೇಶನ್‌ನ ರ್‍ಯಾಂಡಿ ಬಾರ್ನ್ಸ್‌ರನ್ನು ಸೋಲಿಸಿದ್ದರು. ಇವತ್ತು ಪುರುಷರ ಫೈನಲ್‌ನಲ್ಲಿ ಗ್ಲೈಡ್ ಕಾಣುವುದೇ ಅಪರೂಪ. ಹಾಗಂತ ಎಲ್ಲರೂ ಬದಲಾಗಬೇಕಿಲ್ಲ. ಗ್ಲೈಡ್‌ನವರಿಗೆ ಬಲಗಾಲಿನ ತಳ್ಳುವ ಬಲ, ಸ್ಕ್ವಾಟ್, ಕೈಯ ನೇರ ಬಲ ಹೆಚ್ಚು ಬೇಕು. ರೊಟೇಶನ್‌ನವರಿಗೆ ಒಂಟಿಕಾಲಿನ ಸಮತೋಲ, ತೊಡೆಯ ಒಳಭಾಗ, ಸೊಂಟ ತಿರುಚುವ ಮತ್ತು ತಿರುಚುವುದನ್ನು ತಡೆಹಿಡಿಯುವ ಬಲ. ಬೆಂಚ್ ಮೇಲೆ ಮೇಲಿನ ಕಾಲಿಟ್ಟು ಅಡ್ಡ ಮಲಗಿ ಸೊಂಟ ಎತ್ತಿ ಹಿಡಿಯುವ ವ್ಯಾಯಾಮವನ್ನು ವಾರಕ್ಕೆರಡು ಸಲ ಮಾಡಿದರೆ ತೊಡೆಸಂದಿನ ನೋವು ಬಹಳ ಮಟ್ಟಿಗೆ ತಪ್ಪುತ್ತದೆ. ಹೆಗಲ ಮೇಲೆ ಬಾರ್ ಹೊತ್ತು ಸೊಂಟವನ್ನು ಅತ್ತಿತ್ತ ತಿರುಗಿಸುವ ಹಳೆಯ ವ್ಯಾಯಾಮ ಇನ್ನೂ ಅಲ್ಲಲ್ಲಿ ಕಾಣುತ್ತದೆ. ಭಾರ ಹಾಕಿ ಅದನ್ನು ಮಾಡಬೇಡಿ. ಅದೇ ಕೆಲಸವನ್ನು ಮೆಡಿಸಿನ್ ಬಾಲ್ ಪಕ್ಕಕ್ಕೆ ಎಸೆದು ಮಾಡಬಹುದು.

ಬೆರಳು ಮತ್ತು ಮಣಿಕಟ್ಟನ್ನು ಇಬ್ಬರೂ ಮರೆಯುತ್ತಾರೆ. ಬೆರಳ ತುದಿಯ ಮೇಲೆ ದಂಡ, ಮೊದಲು ಗೋಡೆಗೆ, ಆಮೇಲೆ ನೆಲಕ್ಕೆ. ಬಕೆಟ್‌ನಲ್ಲಿ ಅಕ್ಕಿ ತುಂಬಿ ಕೈ ತೂರಿಸಿ ಬೆರಳು ಬಿಡಿಸುವುದು. ನಿಂತಲ್ಲೇ ಗುಂಡನ್ನು ಬರೀ ಮಣಿಕಟ್ಟಿನಿಂದ ಮೇಲಕ್ಕೆ ಚಿಮ್ಮಿಸಿ ಹಿಡಿಯುವುದು, 20 ಸಲ. ಇವೆಲ್ಲ ದಿನಕ್ಕೆ ಹತ್ತು ನಿಮಿಷದ ಕೆಲಸ.

ಊಟ, ನಿದ್ದೆ, ಡಬ್ಬಿ

ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.6ರಿಂದ 2.2 ಗ್ರಾಂ ಪ್ರೊಟೀನ್. 120 ಕಿಲೋ ಆಳಿಗೆ ಸುಮಾರು 200 ಗ್ರಾಂ ಮೇಲೆ. ಮುದ್ದೆ ಸಾರಿನಿಂದ ಇದು ಆಗದು. ಮೊಟ್ಟೆ, ಕೋಳಿ, ಮೀನು, ಹಾಲು, ಮೊಸರು, ಕಾಳು ಎಲ್ಲ ಸೇರಬೇಕು. ಸಸ್ಯಾಹಾರಿಗಳಿಗೆ ಕಷ್ಟ ಹೆಚ್ಚು, ಅಸಾಧ್ಯವಲ್ಲ. ಕ್ರಿಯೇಟಿನ್ ದಿನಕ್ಕೆ 3–5 ಗ್ರಾಂ ನಿಷೇಧಿತವಲ್ಲ, ಉಪಯೋಗವೂ ಇದೆ. ಆದರೆ ಯಾವುದೇ ಡಬ್ಬಿ ಕೊಳ್ಳುವ ಮೊದಲು ಅದರ ಆ ಬ್ಯಾಚ್ ಹೊರಗಿನ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಿದೆಯೇ ನೋಡಿ. ಜಿಮ್ ಟ್ರೇನರ್ ಕೊಟ್ಟ ಹೆಸರಿಲ್ಲದ ಪುಡಿ ತಿಂದು ಸಿಕ್ಕಿಬಿದ್ದರೂ ಹೊಣೆ ನಿಮ್ಮದೇ. ಗೊತ್ತಿರಲಿಲ್ಲ ಎಂಬುದನ್ನು ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಒಪ್ಪುವುದಿಲ್ಲ. ವೈದ್ಯರು ಬರೆದ ಔಷಧಿಯನ್ನೂ ನಿಷೇಧಿತ ಪಟ್ಟಿಯೊಂದಿಗೆ ತಾಳೆ ನೋಡಿ, ಅನುಮತಿ ಬೇಕಿದ್ದರೆ ಮೊದಲೇ ಪಡೆಯಿರಿ. 2008ರ ಬೀಜಿಂಗ್‌ನಲ್ಲಿ ಆರ್ಮ್‌ಸ್ಟ್ರಾಂಗ್ ಒಂದು ಸೆಂಟಿಮೀಟರ್‌ನಿಂದ ನಾಲ್ಕನೆಯವರಾಗಿದ್ದರು. ಮುಂದಿದ್ದವರು ಮದ್ದಿನ ಪ್ರಕರಣದಲ್ಲಿ ಅನರ್ಹರಾಗಿ ಕಂಚು ಅವರ ಕೈಸೇರಲು ವರ್ಷಗಳೇ ಹಿಡಿದವು.

ಬಳ್ಳಾರಿ, ಕಲಬುರಗಿ ಕಡೆಯವರು ಏಪ್ರಿಲ್, ಮೇನಲ್ಲಿ ಎಸೆತವನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸಿ, ಬಾರ್ ಕೆಲಸ ಸಂಜೆಗೆ ಇಡಿ. ಕರಾವಳಿಯವರಿಗೆ ಜೂನ್‌ನಿಂದ ಸರ್ಕಲ್ ಒದ್ದೆಯ ಕಾಟ; ಆ ದಿನಗಳಲ್ಲಿ ಜಾರುವ ಕಾಂಕ್ರೀಟ್ ಮೇಲೆ ತಿರುಗಲು ಹೋಗದೆ ಛಾವಣಿಯಡಿ ನಿಂತು ಎಸೆಯಿರಿ.

ಹೆಜ್ಜೆ 6: ಸೀಸನ್ ಮತ್ತು ಕೊನೆಯ ಹದಿನಾಲ್ಕು ದಿನ

ಸ್ಪರ್ಧೆಯ ತಿಂಗಳುಗಳಲ್ಲಿ ಬಾರ್ ಪೂರ್ತಿ ಬಿಟ್ಟರೆ ಮೂರ್ನಾಲ್ಕು ವಾರದಲ್ಲಿ ಬಲ ಕರಗಲು ಶುರು. ವಾರಕ್ಕೆ ಎರಡು ದಿನ, ತಲಾ 40 ನಿಮಿಷ: ಒಂದು ದಿನ ಶೇ 85ರಲ್ಲಿ ಒಂದೊಂದೇ ರೆಪ್‌ನ ನಾಲ್ಕು ಸ್ಕ್ವಾಟ್, ಇನ್‌ಕ್ಲೈನ್ ಕೂಡ ಅಷ್ಟೇ ಸಲ, ಇನ್ನೊಂದು ದಿನ ಸ್ನ್ಯಾಚ್ ಮತ್ತು ಜಿಗಿತ. ಮೈಕೈ ನೋವು ಬರಿಸುವ ಯಾವುದನ್ನೂ ಮಾಡಬೇಡಿ.

ಕೂಟಕ್ಕೆ 14 ದಿನ ಇರುವಾಗ ಕೊನೆಯ ಭಾರದ ಸ್ಕ್ವಾಟ್. 10 ದಿನ ಇರುವಾಗ ಕೊನೆಯ ಭಾರದ ಪ್ರೆಸ್. ಆಮೇಲೆ ಸೆಟ್‌ಗಳು ಅರ್ಧ, ವೇಗ ಮಾತ್ರ ಇಳಿಯಬಾರದು. 6 ದಿನ ಇರುವಾಗ ಪೂರ್ತಿ ಎಸೆತ 15, ಅದರಲ್ಲಿ ಆರನ್ನು ಸ್ಪರ್ಧೆಯಂತೆಯೇ ಅಳೆದು. ಅದೇ ಬೂಟು, ಅದೇ ಬೆಲ್ಟ್, ಅದೇ ಮಣಿಕಟ್ಟು ಪಟ್ಟಿ. 4 ದಿನ ಇರುವಾಗ ಶೇ 70ರ ಸ್ನ್ಯಾಚ್, ಪೆಟ್ಟಿಗೆ ಮೇಲೆ ಎಂಟು ಜಿಗಿತ, ಗುಂಡನ್ನು ಹಿಂದಕ್ಕೆ ಆರು ಎಸೆತ. ಇಲ್ಲಿ ಹಿಂದಕ್ಕೆ ಎಸೆದದ್ದು ಹೆಜ್ಜೆ 1ರ ಅಳತೆಗಿಂತ ಒಂದು ಮೀಟರ್ ಮುಂದೆ ಬಿದ್ದರೆ ಕೆಲಸ ಸರಿಯಾಗಿ ಆಗಿದೆ ಎಂದರ್ಥ. 3 ದಿನ ಇರುವಾಗ ಹಗುರದ ಗುಂಡಿನಿಂದ ನಿಂತಲ್ಲೇ ಐದಾರು ಎಸೆತ, ಮೈ ಸಡಿಲಿಸುವುದು. ಪ್ರಯಾಣ ಇದ್ದರೆ ಇದೇ ದಿನ ಮುಗಿಸಿ. ಸ್ಲೀಪರ್ ಬರ್ತ್‌ನಲ್ಲಿ ಕಾಲು ಮಡಚಿ ರಾತ್ರಿ ಕಳೆದ 130 ಕಿಲೋ ಆಳಿಗೆ ಮರುದಿನ ಸೊಂಟ ಬಗ್ಗುವುದಿಲ್ಲ.

ಹಿಂದಿನ ದಿನ ಸುಮ್ಮನೆ ಕೂರಲು ಆಗದವರು ಶೇ 60ರ ಸ್ನ್ಯಾಚ್ ಎರಡೆರಡರಂತೆ ಮೂರು ಸೆಟ್ ಮಾಡಿ ಹೊರಬನ್ನಿ. ಅಲ್ಲಿ ಬೇರೆ ರಾಜ್ಯದವರು ಎಷ್ಟು ಬೆಂಚ್ ಮಾಡುತ್ತಿದ್ದಾರೆ ಎಂದು ನೋಡುತ್ತ ನಿಲ್ಲಬೇಡಿ.